ಹೆಸರು ಹೇಳೆ, ಹೆಸರು ಹೇಳೆ

ನಾನು ಬರೆದು ಹಾಡಿದ ಹಾಡು ನನ್ನ ಗಂಡ ನಂದೀಶನಿಗೆ ತುಂಬ ಇಷ್ಟವಾಗಿತ್ತು. ಅದನ್ನು ಹಾಡಿದವಳು ನಾನೆಂದು ಅವನಿಗೆ ಗೊತ್ತಿರಲಿಲ್ಲ. ಅದು ತನ್ನ ಮೇಲೆಯೇ ಕಟ್ಟಿದ ಹಾಡೆಂಬುದು ಅವನ ತಲೆಗೆ ಹೊಳೆಯುವ ಸಂಭವವೂ ಇರಲಿಲ್ಲ. ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಅದನ್ನೇ ಗುನುಗುತ್ತಿದ್ದ. ನಾನು ದೋಸೆ ಮಗುಚುವುದನ್ನು ಮರೆತು ಒಲೆಯ ಮುಂದೆ ನಿಂತು ಕೇಳುತ್ತಿದ್ದೆ. ಬೇರೆ ಯಾರಿಗಾದರೂ ನಗು ಬರಬೇಕಾದ ಸಂಗತಿ ಅದು. ನನಗೆ ಮಾತ್ರ ದೋಸೆ ಸೀದ ವಾಸನೆಯೂ ತಿಳಿಯುತ್ತಿರಲಿಲ್ಲ.

ಅವನೆದುರು ನಾನು ರೀ, ಬನ್ನಿ, ಹೋಗಿ ಎಂದೇ ಮಾತಾಡಿದವಳು. ಇಲ್ಲಿ ಏಕವಚನ. ಇದು ನನ್ನ ಕಥೆ, ನನ್ನಿಷ್ಟ.

ನಾವಿದ್ದದ್ದು ಐರ್ಲೆಂಡಿನ ಸ್ವೋರ್ಡ್ಸ್‌ನಲ್ಲಿ. ವಿಮಾನಗಳು ತಲೆಯ ಮೇಲೇ ಹಾಯುವ ಬೀದಿಯಲ್ಲಿ ಬಾಡಿಗೆ ಮನೆ. ನಂದೀಶ ಏರ್‌ಪೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾನೆ. ಬೇರೆಯವರು ಬರೆದದ್ದನ್ನು ಮತ್ತೆ ಮತ್ತೆ ಓಡಿಸಿ, ಎಲ್ಲಿ ತಪ್ಪಿದೆ ಎಂದು ಹಿಡಿಯುವುದು ಅವನ ಕೆಲಸ. ಅದರಲ್ಲಿ ಅವನನ್ನು ಮೀರಿಸುವವರಿಲ್ಲವಂತೆ. ಮನೆಗೆ ಬಂದಮೇಲೂ ಅವನು ಆ ಕೆಲಸ ನಿಲ್ಲಿಸುತ್ತಿರಲಿಲ್ಲ. ಅಂಗಡಿಗೆ ಹೋಗಿ ಬರಲು ಎಷ್ಟು ಹೊತ್ತು, ದಾರಿಯಲ್ಲಿ ಯಾಕೆ ನಿಂತೆ, ಯಾರು ಸಿಕ್ಕರು, ಅವರು ಏನಂದರು, ನೀನು ಏನಂದೆ. ಎಲ್ಲ ಹೇಳಿಯಾದ ಮೇಲೆ ಮತ್ತೆ ಮೊದಲಿಂದ. ಎರಡನೆಯ ಸಲ ಹೇಳುವಾಗ ಒಂದು ಮಾತು ಆಚೀಚೆಯಾದರೆ ಸಿಕ್ಕಿಬಿದ್ದೆ ಅಂತಲೇ ಲೆಕ್ಕ.

ನನ್ನ ಫೋನು ಎಲ್ಲಿದೆ ಎಂದು ಅವನ ಫೋನು ತೋರಿಸುತ್ತಿತ್ತು. ಅಮ್ಮನ ಜೊತೆ ಮಾತಾಡುವಾಗ ಸ್ಪೀಕರ್ ಹಾಕಬೇಕಿತ್ತು. ಜನರ ಎದುರು ಎಂದೂ ದನಿ ಏರಿಸಿದವನಲ್ಲ. ಏನಾದರೂ ಸಿಟ್ಟು ಬಂದರೆ ಮೆಲ್ಲಗೆ "ಮನೆಗೆ ಹೋಗಿ ಮಾತಾಡೋಣ" ಅನ್ನುತ್ತಿದ್ದ. ಮನೆಯಲ್ಲಿ ನನ್ನನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ, ತಾನು ಎದುರಿಗೆ ಕೂತು, ನನ್ನ ಕೈ ಹಿಡಿದುಕೊಂಡು ಕೇಳುತ್ತಿದ್ದ. ನೋಡಿದವರು ಪ್ರೀತಿ ಅಂದುಕೊಳ್ಳಬೇಕು, ಹಾಗೆ ಹಿಡಿಯುತ್ತಿದ್ದ. ಉತ್ತರ ಸರಿಹೋಗದಿದ್ದರೆ ಬೆರಳನ್ನು ಹಿಂದಕ್ಕೆ ಬಗ್ಗಿಸುತ್ತಿದ್ದ. ಹೋದ ವರ್ಷ ಕಿರುಬೆರಳು ಮುರಿಯಿತು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನನ್ನನ್ನು ನೋಡಿದವರು ಡಾಕ್ಟರ್ ಶಕುಂತಲಾ. ಹುಬ್ಬಳ್ಳಿಯಲ್ಲಿ ಓದಿ, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾದವರು. ನಂದೀಶನನ್ನು ಯಾವುದೋ ನೆಪ ಹೇಳಿ ಆಚೆ ಕಳಿಸಿ, ಕನ್ನಡದಲ್ಲಿ, ನಿಜಕ್ಕೂ ಕಾರಿನ ಬಾಗಿಲಿಗೆ ಸಿಕ್ಕಿದ್ದೇನಾ ಎಂದು ಕೇಳಿದರು. ಹೌದು, ಬಾಗಿಲಿಗೇ ಅಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಸರಿ ಅಂದು ಪಟ್ಟಿ ಕಟ್ಟಿದರು.

ಯಾಕೆ ಸುಮ್ಮನಿದ್ದೆ ಎಂದು ಕೇಳುವವರಿಗೆ ಒಂದೇ ಉತ್ತರ, ಹೆದರಿಕೆ. ನಾನು ಈ ದೇಶಕ್ಕೆ ಬಂದದ್ದು ಅವನ ವರ್ಕ್ ಪರ್ಮಿಟ್‌ನ ಬೆನ್ನಿಗೆ. ನನಗೂ ಕೆಲಸವಿತ್ತು, ಒಂದು ಆಫೀಸಿನಲ್ಲಿ ಪೇರೋಲ್ ನೋಡಿಕೊಳ್ಳುತ್ತಿದ್ದೆ. ಆದರೆ ನನ್ನ ಸ್ಟಾಂಪು, ಅಂದರೆ ಇಲ್ಲಿರುವ ಅನುಮತಿ, ನಿಂತಿರುವುದು ತನ್ನ ಪರ್ಮಿಟ್‌ನ ಮೇಲೆ, ತಾನೊಂದು ಮಾತು ಬರೆದರೆ ಮಾರನೇ ದಿನ ಮೈಸೂರಿನ ವಿಮಾನ ಹತ್ತಬೇಕು ಎಂದು ಅವನು ಹೇಳುತ್ತಿದ್ದ. ಮೈಸೂರಿಗೆ ಇಲ್ಲಿಂದ ವಿಮಾನವೇ ಇಲ್ಲ. ಹೆದರಿದವಳಿಗೆ ಅದೆಲ್ಲ ಎಲ್ಲಿ ಹೊಳೆಯುತ್ತದೆ.

ಹಾಡು ಹುಟ್ಟಿದ್ದು ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ. ಅವನ ಫೋನಿನ ನಕ್ಷೆಯ ಪ್ರಕಾರ ನಾನು ಮೊಸರು, ಕೊತ್ತಂಬರಿ ಕೊಳ್ಳುತ್ತಿದ್ದೆ. ನಿಜದಲ್ಲಿ ಕಾರಿನ ಗಾಜುಗಳಿಗೆಲ್ಲ ಕೋಟು, ದುಪಟ್ಟಾ ಸಿಕ್ಕಿಸಿಕೊಂಡು, ಸಿಮ್ ಇಲ್ಲದ ಹಳೇ ಫೋನಿಗೆ ಹಾಡುತ್ತಿದ್ದೆ. ಆ ಫೋನು ಇರುತ್ತಿದ್ದದ್ದು ಡಿಕ್ಕಿಯಲ್ಲಿ ಸ್ಟೆಪ್ನಿ ಟೈರಿನ ಗುಳಿಯೊಳಗೆ. ಅಂಗಡಿಯ ವೈಫೈ ಹಿಡಿದು ಅದರಿಂದಲೇ ವಸುಂಧರಾಗೆ ಕಳಿಸುತ್ತಿದ್ದೆ. ವಸುಂಧರಾ ನನ್ನ ಕಾಲೇಜಿನ ಗೆಳತಿ, ಸಿಟಿಯ ಆಚೆ ತುದಿಯ ಡನ್ ಲಿಯರಿಯಲ್ಲಿ ಒಬ್ಬಳೇ ಇರುವವಳು, ಹಗಲು ಕೋಡ್ ಬರೆಯುತ್ತಾಳೆ, ಬಿಡುವಿನಲ್ಲಿ ಸಂಗೀತ ಕೂರಿಸುತ್ತಾಳೆ. ನನ್ನ ಹಾಡುಗಳನ್ನು ಅವಳು 'ಹಸೆಮಣೆ' ಎಂಬ ಹೆಸರಿನ ಚಾನೆಲ್ಲಿಗೆ ಏರಿಸುತ್ತಿದ್ದಳು. ಹಾಡಿದವಳ ಹೆಸರಿಲ್ಲ, ಮುಖವಿಲ್ಲ.

ಈ ಹಾಡನ್ನು ನಾನು ಮದುವೆಮನೆಯ ಧಾಟಿಯಲ್ಲಿ ಕಟ್ಟಿದ್ದೆ.

ಮೊಸರು ತರೋಕೆ ಎಷ್ಟು ಹೊತ್ತು,
ಮಾತು ಮುಗಿಸೋಕೆ ಎಷ್ಟು ಹೊತ್ತು,
ಬಚ್ಚಲ ಬಾಗಿಲು ತೆಗೆಯೋಕೆ ಎಷ್ಟು ಹೊತ್ತು,
ಹೊತ್ತಿಗೆ ಕಾವಲು ನಿಂತೋನ್ಯಾರೆ,
ಹಸೆಯ ಮೇಲೆ ಕುಂತೋನ್ಯಾರೆ,
ಹೆಸರು ಹೇಳೆ, ಹೆಸರು ಹೇಳೆ.

ನಮ್ಮ ಕಡೆ ಮದುವೆಯಲ್ಲಿ ಹೊಸ ಹೆಣ್ಣು ಗಂಡನ ಹೆಸರನ್ನು ಬರೀ ಹೆಸರಾಗಿ ಹೇಳುವ ಹಾಗಿಲ್ಲ. ಎರಡು ಸಾಲಿನ ಒಗಟು ಕಟ್ಟಿ ಅದರ ತುದಿಗೆ ಸೇರಿಸಿ ಹೇಳಬೇಕು. ಹೇಳುವವರೆಗೆ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ನನ್ನ ಮದುವೆಯಲ್ಲೂ ನಿಂತಿದ್ದರು, ನಾನೂ ನಾಚಿಕೊಂಡು ಹೇಳಿದ್ದೆ. ಅವನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಆಮೇಲೆ ಹೆಸರು ಹಿಡಿದು ಕರೆಯುವುದು ತನ್ನ ಅಮ್ಮನಿಗೆ ಆಗಿಬರುವುದಿಲ್ಲ ಎಂದು ಅವನು ಹೇಳಿದ್ದ.

ಹಾಡಿನ ಆ ಜಾಗದಲ್ಲಿ ಯಾವುದಾದರೊಂದು ಸುಳ್ಳು ಹೆಸರು ಹಾಡು ಎಂದು ವಸುಂಧರಾ ಹೇಳಿದಳು. ನನಗೆ ಬಾಯಿ ಬರಲಿಲ್ಲ. ಸುಳ್ಳು ಹೆಸರು ಹೇಳಹೋಗಿ ಎಲ್ಲಿ ನಿಜದ್ದೇ ಬಂದುಬಿಡುತ್ತದೋ ಎಂದು ದಿಗಿಲು. ಅದಕ್ಕೇ ಅಲ್ಲಿ ಖಾಲಿ ಬಿಟ್ಟೆವು. ಬರೀ ತಾಳ, ಆಮೇಲೆ ಮುಂದಿನ ಚರಣ. ನಾನು ಮಾಡಿದ ತಪ್ಪು ಅದೇ. ಒಗಟು ಹಾಕಿ ಹೆಸರಿಗೆ ಜಾಗ ಬಿಟ್ಟರೆ ಕನ್ನಡದ ಹೆಂಗಸರು ಅದನ್ನು ಖಾಲಿ ಇರಲು ಬಿಡುತ್ತಾರೆಯೇ?

ಮೊದಲು ತುಂಬಿದವಳು ನಮ್ಮ ಪಕ್ಕದ ಬೀದಿಯ ನೀರಜಾ. ಏರ್‌ಪೋರ್ಟಿನಲ್ಲಿ ಕೆಲಸ, ಊರೆಲ್ಲ ಸ್ನೇಹ, ಮಾತಿಗೊಂದು ನಗು. ತನ್ನ ಗಂಡ ಗಗನ್ ಹಿಡಿದ ಫೋನಿನ ಮುಂದೆ ಹಾಡಿಗೆ ತುಟಿಯಾಡಿಸಿ, ಆ ಜಾಗ ಬಂದಾಗ ಬಾಯಿಗೆ ಸೆರಗು ಅಡ್ಡ ಹಿಡಿದು "ಗಗನ್" ಎಂದು ಕೂಗಿ ಬಿದ್ದು ಬಿದ್ದು ನಕ್ಕಳು. ಆ ರೀಲು ಎಲ್ಲೆಲ್ಲೋ ಓಡಿತು. ಈ ದೇಶದ ದಕ್ಷಿಣದ ಕಾರ್ಕ್‌ನ ಲಿಟಲ್ ಐಲ್ಯಾಂಡಿನಿಂದ ಹಿಡಿದು ಬೆಂಗಳೂರಿನ ತನಕ ಹೆಂಗಸರು ಆ ಜಾಗಕ್ಕೆ ಗಂಡಂದಿರ ಹೆಸರು ಸೇರಿಸಿ ರೀಲು ಮಾಡಿದರು. ಗಂಡಂದಿರೂ ಹಿಂದೆ ನಿಂತು ಹಲ್ಲು ಕಿರಿದರು. ನಾನು ನಡುಗಿಕೊಂಡು ಹೇಳಿದ್ದಕ್ಕೆ ಇವರು ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದಾರಲ್ಲ ಎಂದು ನೀರಜಾಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವಳಿಗೇನು, ನಗಲು ಗಂಡನಿದ್ದಾನೆ ಅಂದುಕೊಂಡೆ.

ಹಾಡು ಕೇಳಿ ನಂದೀಶ, ಪಾಪ, ಯಾರೋ ಒಬ್ಬಳಿಗೆ ಎಂಥವನೋ ಗಂಟು ಬಿದ್ದಿದ್ದಾನೆ ಅಂದ. ಆಮೇಲೆ ನಾವೂ ಒಂದು ರೀಲು ಮಾಡೋಣ ಎಂದ. ಎಲ್ಲರೂ ಮಾಡಿದ್ದಾರೆ, ನಾವು ಮಾಡದಿದ್ದರೆ ಜನ ಏನಂದುಕೊಳ್ಳುತ್ತಾರೆ?

ಬೇಡ ಅಂದರೆ ಯಾಕೆ ಬೇಡ ಎಂದು ಶುರುವಾಗುತ್ತದೆ. ಒಪ್ಪಿಕೊಂಡೆ.

ಭಾನುವಾರ ಮಧ್ಯಾಹ್ನ ಮನೆಯ ಹಾಲ್‌ನಲ್ಲಿ ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿದ. ತಾನು ಹಿಂದೆ ನಿಂತು, ಹುಬ್ಬು ಗಂಟಿಕ್ಕಿ, ಕೈಗಡಿಯಾರ ತಟ್ಟಿ ತಟ್ಟಿ ತೋರಿಸುವ ಗಂಡನ ಪಾತ್ರ ಮಾಡಿದ. ಎಷ್ಟು ಚೆನ್ನಾಗಿ ಮಾಡಿದ! ನಾನು ಮುಂದೆ ನಿಂತು ನನ್ನದೇ ದನಿಗೆ ತುಟಿಯಾಡಿಸಬೇಕು. ತುಟಿ ಹೆಚ್ಚು ಸರಿಯಾಗಿ ಕೂತರೆ ಅನುಮಾನ ಬಂದೀತೆಂದು ಬೇಕೆಂದೇ ತಡವಾಗಿ ಬಾಯಿ ತೆರೆದೆ, ಪದ ನುಂಗಿದೆ. ಇಷ್ಟೂ ಬರಲ್ವಾ, ಮತ್ತೆ ಮಾಡು ಅಂದ. ಮತ್ತೆ ಮಾಡಿದೆ. ಮತ್ತೆ ಅಂದ. ಅವನ ದನಿ ಮೆಲ್ಲಗಾಗತೊಡಗಿತು. ಅದು ಮೆಲ್ಲಗಾದರೆ ಏನೆಂದು ನನಗೆ ಗೊತ್ತು. ಇದೊಂದು ಮುಗಿದರೆ ಸಾಕೆಂದು ಕಣ್ಣು ಮುಚ್ಚಿಕೊಂಡು ಸರಿಯಾಗಿ ಮಾಡಿದೆ.

ಆಗ ನನಗೆ ಮರೆತೇಹೋದ ಒಂದು ವಿಷಯವಿತ್ತು. ಹಾಡು ರೆಕಾರ್ಡ್ ಮಾಡಿದ ದಿನ ಸದ್ದಾಗಬಾರದೆಂದು ಕಾರಿನ ಹೀಟರ್ ಆರಿಸಿದ್ದೆ. ಚಳಿಗೆ ದಮ್ಮು ಸಾಲದೆ "ಬಚ್ಚಲ" ಎಂಬಲ್ಲಿ ಉಸಿರು ಕಡಿದು, ಸಣ್ಣಗೆ ಒಂದು ಉಸಿರೆಳೆದುಕೊಂಡು "ಬಾಗಿಲು" ಎಂದಿದ್ದೆ. ಯಾವ ಗಾಯಕಿಯೂ ಅಲ್ಲಿ ಉಸಿರು ತೆಗೆದುಕೊಳ್ಳುವುದಿಲ್ಲ. ತೆಗೆದುಬಿಡು ಎಂದರೆ ವಸುಂಧರಾ ಕೇಳದೆ ಹಾಗೇ ಉಳಿಸಿದ್ದಳು. ಬರೀ ತುಟಿಯಾಡಿಸುವವರು ಹಾಡಿನ ಜೊತೆ ಉಸಿರಾಡುವುದಿಲ್ಲ. ನಾನು ಆಡಿದ್ದೆ. ಅದೇ ಜಾಗದಲ್ಲಿ ನನ್ನ ಭುಜ ಎದ್ದು ಇಳಿದಿತ್ತು.

ಅವನು ಸೋಫಾದಲ್ಲಿ ಕೂತು ರೀಲನ್ನು ಒಪ್ಪ ಮಾಡುತ್ತಿದ್ದ. ನಾನು ಪಾತ್ರೆ ತೊಳೆಯುತ್ತಿದ್ದೆ. ಬಚ್ಚಲ, ಉಸಿರು, ಬಾಗಿಲು. ನಿಲ್ಲಿಸಿ ಮತ್ತೆ ಹಾಕಿದ. ಬಚ್ಚಲ, ಉಸಿರು, ಬಾಗಿಲು. ಈಗ ನಿಧಾನ ಮಾಡಿ ಹಾಕಿದ, ದನಿ ಗೊಗ್ಗರಾಗಿ ಕೇಳಿತು. ಆಮೇಲೆ ಇನ್ನೂ ನಿಧಾನ. ಸಿಂಕಿನ ನೀರು ಬಿಸಿಯಾಗಿ ಕೈ ಸುಡುತ್ತಿದ್ದರೂ ನಾನು ನಲ್ಲಿ ತಿರುಗಿಸಲಿಲ್ಲ. ಕೊನೆಗೆ ಹಾಡು ನಿಂತಿತು. ಅವನು ಎದ್ದು ಅಡುಗೆಮನೆಗೆ ಬಂದು, ನನ್ನ ಹಿಂದೆ ನಿಂತು, ಟೀ ಕುಡಿಯುತ್ತೀಯಾ ಎಂದು ಕೇಳಿದ. ಮದುವೆಯಾದ ಮೇಲೆ ಮೊದಲ ಸಲ ಅವನು ನನಗೆ ಟೀ ಮಾಡಿಕೊಟ್ಟ. ಆ ರೀಲನ್ನು ಅವನು ಎಲ್ಲೂ ಹಾಕಲಿಲ್ಲ.

ಅಂದಿನಿಂದ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಎಷ್ಟು ಹೊತ್ತಿಗೆ ಬಂದರೂ ನಗುತ್ತ ಬಾಗಿಲು ತೆಗೆದ. ತಾನಾಗಿ ಅಮ್ಮನಿಗೆ ಫೋನು ಮಾಡಿ ನಿಮ್ಮ ಮಗಳು ತುಂಬ ಬುದ್ಧಿವಂತೆ ಎಂದು ಹೊಗಳಿದ. ಅಪ್ಡೇಟ್ ಮಾಡಿಕೊಡುತ್ತೇನೆಂದು ನನ್ನ ಫೋನು ಇಸಿದುಕೊಂಡು ಒಂದು ಸಂಜೆಯೆಲ್ಲ ಇಟ್ಟುಕೊಂಡ. ಕಾರು ಕೊಳೆಯಾಗಿದೆ ಎಂದು ಒಳಗೆಲ್ಲ ವ್ಯಾಕ್ಯೂಮ್ ಹೊಡೆದ. ಅವನು ಸ್ನಾನಕ್ಕೆ ಹೋದಾಗ ನಾನು ಓಡಿಹೋಗಿ ಡಿಕ್ಕಿ ತೆಗೆದೆ. ಸ್ಟೆಪ್ನಿಯ ಗುಳಿಯಲ್ಲಿ ಹಳೇ ಫೋನು ಇತ್ತು. ನಾನು ಯಾವಾಗಲೂ ಅದನ್ನು ಮುಖ ಕೆಳಗೆ ಮಾಡಿ ಇಡುತ್ತೇನೆ. ಈಗ ಅದು ಮುಖ ಮೇಲೆ ಮಾಡಿ ಮಲಗಿತ್ತು.

ಮಾರನೆಯ ದಿನ ಆಫೀಸಿನ ಫೋನಿನಿಂದ ವಸುಂಧರಾಗೆ ಹೇಳಿದೆ. ಅವಳು, ಏನೂ ಯೋಚಿಸಬೇಡ, ಬಸ್ ಹತ್ತಿ ಸಿಟಿಗೆ ಬಾ, ಅಲ್ಲಿಂದ ರೈಲು ಹಿಡಿ, ಸ್ಟೇಷನ್ನಿಗೆ ನಾನು ಬರುತ್ತೇನೆ ಅಂದಳು. ಹೋಗಿಯೇಬಿಡೋಣವೆಂದು ಬ್ಯಾಗು ಹಾಕಿಕೊಂಡು ಸಿಟಿ ಕಡೆಯ ಬಸ್ ಸ್ಟಾಪಿಗೆ ಹೋದೆ. ಬಸ್ಸು ಕಾಣುತ್ತಿದ್ದ ಹಾಗೇ ಜೇಬಿನಲ್ಲಿ ಫೋನು ನಡುಗಿತು. ಸ್ಟಾಪಲ್ಲಿ ಚಳಿ ಐತಾ, ಕಾರು ತರ್ಲಾ ಎಂದು ಅವನ ಮೆಸೇಜು. ಬಸ್ಸು ನಿಂತು, ಬಾಗಿಲು ತೆಗೆದು, ಮುಚ್ಚಿ, ಹೋಯಿತು. ನಾನು ಅಲ್ಲೇ ನಿಂತಿದ್ದೆ. ಅಷ್ಟು ಹೇಡಿಯಾಗಿದ್ದೆ, ಬೇರೆ ಮಾತಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ, ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ನಿನ್ನ ಹೆಸರು ಕೊಟ್ಟಿದ್ದೇನೆ ಅಂದ. ಹೆಂಗಸರೆಲ್ಲ ಆ ಹಾಡು ಹಾಡಿ ಗಂಡನ ಹೆಸರು ಹೇಳುವ ಸ್ಪರ್ಧೆಯಂತೆ. ಕೊನೆಯದು ನಿನ್ನ ಸರದಿ.

ಯುಗಾದಿಯ ಭಾನುವಾರ ನನ್ನ ಸೀರೆಗೆ ಅವನೇ ಇಸ್ತ್ರಿ ಮಾಡಿಟ್ಟಿದ್ದ. ಕಾರ್ಯಕ್ರಮ ನಮ್ಮ ಮನೆಯ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ. ಕಾರು ನಿಲ್ಲಿಸಿ, ಬೆಲ್ಟು ಬಿಚ್ಚದೆ, ಗಾಜಿನಾಚೆ ನೋಡುತ್ತ ಹೇಳಿದ.

"ಒರಿಜಿನಲ್ ಥರಾನೇ ಹಾಡು. ಹೆಸರು ಜೋರಾಗಿ ಹೇಳು, ಎಲ್ರಿಗೂ ಕೇಳ್ಲಿ. ಆಮೇಲೆ ಮನೆಗೆ ಹೋಗಿ ಮಾತಾಡೋಣ."

ಹಾಲ್‌ನಲ್ಲಿ ಬೇವು ಬೆಲ್ಲ ಹಂಚುತ್ತಿದ್ದರು. ಹಿಂದುಗಡೆ ಮೇಜುಗಳ ಮೇಲೆ ಬಿಸಿಬೇಳೆ ಬಾತು, ಹೋಳಿಗೆ. ಇಲ್ಲೇ ಹುಟ್ಟಿದ ಮಕ್ಕಳು ಐರಿಷ್ ಇಂಗ್ಲಿಷಿನಲ್ಲಿ ಕಿರುಚಿಕೊಂಡು ಕುರ್ಚಿಗಳ ನಡುವೆ ಓಡುತ್ತಿದ್ದವು. ಮೊದಲ ಸಾಲಿನಲ್ಲಿ ಡಾಕ್ಟರ್ ಶಕುಂತಲಾ ಕೂತಿದ್ದರು. ನನ್ನನ್ನು ಕಂಡು, ಬೆರಳು ಹೇಗಿದೆ ನಿಖಿತಾ ಎಂದು ಕೇಳಿದರು. ಚೆನ್ನಾಗಿದೆ ಅನ್ನಲು ಇಲ್ಲಿನವರು ಹೇಳುವ ಹಾಗೆ, ಗ್ರ್ಯಾಂಡ್ ಡಾಕ್ಟ್ರೇ ಅಂದೆ. ನಂದೀಶ ಅವರ ಪಕ್ಕದ ಕುರ್ಚಿಯಲ್ಲೇ ಕೂತು ಕಾಲು ಮೇಲೆ ಕಾಲು ಹಾಕಿಕೊಂಡ.

ಒಬ್ಬೊಬ್ಬರೇ ಹಾಡಿದರು. ಒಬ್ಬಳು ಹೆಸರು ಹೇಳುವಾಗ ಗಂಡನಿಗೆ ಹೂವು ಎಸೆದಳು. ಇನ್ನೊಬ್ಬಳು ಹೆಸರೇ ಮರೆತವಳ ಹಾಗೆ ನಟಿಸಿ ನಗಿಸಿದಳು. ನನ್ನ ಮುಂಚಿನ ಸರದಿ ನೀರಜಾಳದು. ಅವಳು ಬಂದರೆ ಸಾಕು, ಜನ ಸಿಳ್ಳೆ ಹೊಡೆಯುತ್ತಿದ್ದರು. ಗಗನ್ ವೇದಿಕೆಯ ಕೆಳಗೆ ಫೋನು ಹಿಡಿದು ನಿಂತಿದ್ದ. ನೀರಜಾ ಎಂದಿನಂತೆ ಸೆರಗು ಅಡ್ಡ ಹಿಡಿದು ಕೂಗಿದಳು. ಹಾಲೆಲ್ಲ ನಕ್ಕಿತು. ಸರಿಬರಲಿಲ್ಲ, ಇನ್ನೊಂದು ಸಲ ಎಂದು ಗಗನ್ ಬೆರಳಾಡಿಸಿದ. ಅವಳು ಮತ್ತೊಮ್ಮೆ ಅಷ್ಟೇ ಜೋರಾಗಿ ಕೂಗಿ, ಅಷ್ಟೇ ನಕ್ಕು, ಮೈಕು ನನ್ನ ಕೈಗೆ ಕೊಟ್ಟಳು. ಅವಳ ಕೈ ಒದ್ದೆಯಾಗಿತ್ತು.

ತಾಳ ಶುರುವಾಯಿತು. ಮನೆಗೆ ಹೋದರೆ ಏನಾಗುತ್ತದೆ ಎಂಬುದು ನನಗೆ ಅಲ್ಲಿ ನಿಂತಾಗ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಮೇಜು, ಕುರ್ಚಿ, ಅವನ ಎರಡು ಕೈಗಳ ನಡುವೆ ನನ್ನ ಕೈ. ಈ ಸಲ ಕಿರುಬೆರಳಿಗೆ ನಿಲ್ಲುವುದಿಲ್ಲ. ಈ ಭೂಮಿಯ ಮೇಲೆ ಸದ್ಯಕ್ಕೆ ಅವನು ನನ್ನನ್ನು ಮುಟ್ಟಲಾಗದ ಜಾಗವೆಂದರೆ ನಾನು ನಿಂತಿದ್ದ ಆ ಮರದ ಹಲಗೆಗಳು ಮಾತ್ರ. ಹಾಡು ಮುಗಿದರೆ ಅದೂ ಮುಗಿಯಿತು.

ನನ್ನ ದನಿಯಲ್ಲೇ ಹಾಡಿದೆ. ಬಚ್ಚಲ ಎಂಬಲ್ಲಿ ಉಸಿರು ತಾನಾಗಿ ಕಡಿಯಿತು, ಎಳೆದುಕೊಂಡು ಬಾಗಿಲು ಅಂದೆ. ಅರೆ, ಅದೇ ದನಿ, ಅಚ್ಚು ಹಾಗೇ ಐತಲ್ಲ ಎಂದು ಯಾರೋ ಅಂದರು. ಹೆಸರು ಹೇಳೆ, ಹೆಸರು ಹೇಳೆ ಎಂದು ಹೆಂಗಸರೆಲ್ಲ ದನಿಗೂಡಿಸಿದರು.

"ನಂದೀಶ" ಅಂದೆ.

ಚಪ್ಪಾಳೆ ಬಿತ್ತು. ಅವನೂ ತಟ್ಟಿದ. ಮುಂದಿನ ಚರಣದ ತಾಳ ಓಡುತ್ತಿತ್ತು. ನಾನು ಹಾಡಲಿಲ್ಲ. ಮೈಕು ಬಾಯಿಗೆ ಹತ್ತಿರ ಹಿಡಿದು ಮಾತಾಡಿದೆ.

"ಈ ಹಾಡು ಬರ್ದಿದ್ದು ನಾನು. ಇವ್ರ ಮೇಲೇ ಬರ್ದಿದ್ದು. ಇವತ್ತು ಮನೆಗೆ ಹೋಗಕ್ಕೆ ನಂಗೆ ಭಯ ಆಗ್ತಿದೆ."

ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತು, ಮೊದಲನೇ ಬಹುಮಾನ ಇವರಿಗೇ ಕೊಡಿ ಎಂದು ಕೂಗಿದ. ನಾನು ಮತ್ತೆ ಹೇಳಿದೆ, ಭಯ ಆಗ್ತಿದೆ, ತಮಾಷೆ ಅಲ್ಲ ಎಂದು. ತಮಾಷೆ ಅಲ್ಲ ಎಂಬ ಮಾತಿಗೆ ಮೊದಲಿಗಿಂತ ಹೆಚ್ಚು ನಕ್ಕರು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಎಷ್ಟೋ ಫೋನುಗಳು ಅದನ್ನು ಹತ್ತಿರ ಮಾಡಿಕೊಂಡು ಹಿಡಿಯುತ್ತಿದ್ದವು. ಬಾವಿಯೊಳಗೆ ಬಿದ್ದವಳು ಕೂಗಿದರೆ ಮೇಲೆ ನಿಂತವರು ಕೈ ಬೀಸಿದ ಹಾಗಾಯಿತು.

ನಂದೀಶ ನಗುತ್ತ ವೇದಿಕೆ ಹತ್ತಿ ಬಂದ. ನನ್ನ ಹೆಗಲ ಮೇಲೆ ಕೈ ಹಾಕಿ, ಜನರ ಕಡೆ ತಿರುಗಿ, ಇವಳಿಗೆ ಸಿನಿಮಾದಲ್ಲಿ ಚಾನ್ಸ್ ಕೊಡಿಸಬೇಕು ಅಂದ. ಅವನ ಹೆಬ್ಬೆರಳು ನನ್ನ ಕೊರಳ ಪಕ್ಕದ ಮೂಳೆಯ ಮೇಲೆ ಊರಿ ನಿಂತಿತ್ತು. ನೋವಿಗೆ ನಾನು ಅವನಿಗೇ ಒರಗಬೇಕಾಯಿತು. ಅಯ್ಯೋ, ಎಷ್ಟು ಚೆಂದದ ಜೋಡಿ ಎಂದು ಯಾರೋ ಹೆಂಗಸು ಅಂದದ್ದು ಕೇಳಿಸಿತು.

ಆಗ ಶಕುಂತಲಾ ಎದ್ದರು. ಮಂಡಿನೋವಿನವರು, ಮೆಟ್ಟಿಲಿನ ಕಂಬಿ ಹಿಡಿದು ನಿಧಾನವಾಗಿ ಹತ್ತಿ ಬಂದರು. ಬಹುಮಾನ ಕೊಡಲು ಬಂದರೆಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಅವರು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಅವರ ಮುಖ ನೋಡಿದ್ದೇ ಮೊದಲ ಸಾಲಿನವರ ಕೈ ಅರ್ಧಕ್ಕೆ ನಿಂತಿತು.

"ನಂದೀಶ್, ಕೈ ತೆಗಿ. ನಿಖಿತಾ ಇವತ್ತು ನಮ್ಮನಿಗೆ ಬರ್ತಾಳ."

ಅವನು ನಗು ಬಿಡಲಿಲ್ಲ. ಮೇಡಂ, ಇದು ಆಕ್ಟಿಂಗು, ನೀವೂ ನಂಬಿಬಿಟ್ಟಿರಾ, ನಾಳೆ ಇಬ್ಬರಿಗೂ ಆಫೀಸಿದೆ ಎಂದ. ಶಕುಂತಲಾ ನನ್ನ ಕಡೆ ತಿರುಗಿ ನನ್ನೊಬ್ಬಳನ್ನೇ ಕೇಳಿದರು.

"ಬರ್ತೀಯೇನವಾ? ನಿನ್ನ ಸ್ಟಾಂಪಿಂದು ಬ್ಯಾರೆ ದಾರಿ ಐತಿ, ನಾಳೆ ನೋಡೂಣು. ಈಗ ಬರ್ತೀಯೋ ಇಲ್ಲೋ, ಅಷ್ಟ ಹೇಳು."

ಮೈಕು ನನ್ನ ಕೈಯಲ್ಲೇ ಇತ್ತು. ಬರ್ತೀನಿ ಅಂದದ್ದು ಇಡೀ ಹಾಲಿಗೆ ಕೇಳಿಸಿತು.

ತಾಳವನ್ನು ಯಾರೋ ನಿಲ್ಲಿಸಿದರು. ನಗು ಒಮ್ಮೆಲೇ ನಿಲ್ಲಲಿಲ್ಲ, ಹಿಂದಿನ ಸಾಲುಗಳಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನನ್ನ ಹೆಗಲ ಮೇಲಿನ ಕೈ ಇಳಿಯಿತು. ಸಮಿತಿಯವರೊಬ್ಬರು, ಹಬ್ಬದ ದಿನ ಇದೆಲ್ಲ ಯಾಕೆ, ಮನೆಯ ವಿಷಯ ಮನೆಯಲ್ಲಿ ಮಾತಾಡಿಕೊಳ್ಳಿ ಎನ್ನುತ್ತ ಮುಂದೆ ಬಂದರು. ಶಕುಂತಲಾ ಅವರನ್ನು ದಾಟಿಕೊಂಡು ನನ್ನನ್ನು ಮೆಟ್ಟಿಲ ಕಡೆ ನಡೆಸಿದರು. ನಂದೀಶ ಹಿಂದೆಯೇ ಬರುತ್ತಾನೆಂದುಕೊಂಡೆ. ನಿಜಕ್ಕೂ ಬರುತ್ತಿದ್ದ. ಅವನ ಬೂಟಿನ ಸದ್ದು ನನಗೆ ಗೊತ್ತು.

ಮೆಟ್ಟಿಲ ಬುಡದಲ್ಲಿ ನೀರಜಾ ಅಡ್ಡ ನಿಂತಿದ್ದಳು. ಅವಳನ್ನು ಕಂಡು ನನಗೆ ಮತ್ತೆ ರೇಗಿತು. ಈಗಲೂ ಏನಾದರೂ ನಗೆಯಾಡಿದರೆ ಕೆನ್ನೆಗೆ ಬಾರಿಸುತ್ತೇನೆ ಅಂದುಕೊಂಡೆ. ಅವಳು ನನ್ನತ್ತ ನೋಡಲೇ ಇಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಾವು ಇಳಿಯಲು ದಾರಿ ಬಿಟ್ಟು, ನನಗೂ ನಂದೀಶನಿಗೂ ನಡುವೆ ಬಂದು ನಿಂತಳು. ಗಗನ್ ಇನ್ನೂ ಫೋನು ಹಿಡಿದೇ ಇದ್ದ. ಅವನ ಕಡೆ ಬೆನ್ನು ಮಾಡಿ, ಶಕುಂತಲಾರ ಕಿವಿಯ ಹತ್ತಿರ, ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಡಾಕ್ಟ್ರೇ, ನಿಮ್ ಕಾರಲ್ಲಿ ಇನ್ನೊಬ್ರಿಗೆ ಜಾಗ ಐತಾ?"